ಪ್ರಭಾ ಮೇಡಂ ಬಿಟ್ಟ ಅಡ್ಡ ಬೆಳಕು

ಬಾಗಲಗುಂಟೆಯ ಆ ಅಡ್ಡರಸ್ತೆಯಲ್ಲಿ ಪ್ರಭಾ ಅವರ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಇನ್ಸ್‌ಪೆಕ್ಟರ್ ಮೇಡಂ ಮನೆ ಎಂದರೆ ಹಾಲಿನ ಬೂತಿನವರೂ ಬೆರಳು ಮಾಡಿ ತೋರಿಸುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಅವರನ್ನು ಪೊಲೀಸರೆಂದು ತಿಳಿದು, ಅವರ ಗೇಟಿನ ಮುಂದೆ ಗಾಡಿ ನಿಲ್ಲಿಸಲು ಹೆದರುವುದುಂಟು. ಪ್ರಭಾ ಆ ತಪ್ಪನ್ನು ತಿದ್ದಲು ಹೋಗುವುದಿಲ್ಲ. ಇಪ್ಪತ್ತೆಂಟು ವರ್ಷ ಅವರು ಇನ್ಸ್‌ಪೆಕ್ಟರ್ ಆಗಿದ್ದದ್ದು ನಿಜವೇ. ಆದರೆ ಅದು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಬೇರಿಂಗಿಗೆ ಹಾಕುವ ಉಕ್ಕಿನ ಉಂಗುರಗಳು ಸಾಣೆ ಹಿಡಿಸಿಕೊಂಡು ಫಳಫಳ ಹೊಳೆಯುತ್ತಾ ಅವರ ಮೇಜಿಗೆ ಬರುತ್ತಿದ್ದವು. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಗೀರಿಲ್ಲದ್ದನ್ನು ಬಲಕ್ಕೆ, ಗೀರಿದ್ದದ್ದನ್ನು ಎಡಕ್ಕೆ ಇಡುವುದು ಅವರ ಕೆಲಸ.

ಕಾರ್ಖಾನೆಯವರು ಸ್ವಯಂನಿವೃತ್ತಿ ಕೊಟ್ಟು ಕಳಿಸಿ ಒಂಬತ್ತು ವರ್ಷವಾಗಿತ್ತು. ಪತಿ ಕೃಷ್ಣಸ್ವಾಮಿ ಜಾಲಹಳ್ಳಿ ಕಡೆಯ ಇನ್ನೊಂದು ಕಾರ್ಖಾನೆಯಿಂದ ನಿವೃತ್ತರಾದವರು. ಅವರು ಬೆಳಗಿನ ವಾಕಿಂಗ್, ಪೇಪರು, ಪಾರ್ಕಿನ ಗೆಳೆಯರು ಎಂದು ಆರಾಮವಾಗಿ ಹೊಂದಿಕೊಂಡುಬಿಟ್ಟರು. ಪ್ರಭಾ ಅವರ ಕಣ್ಣಿಗೆ ಮಾತ್ರ ಕೆಲಸವಿಲ್ಲದಂತಾಯಿತು. ಅಕ್ಕಿಯಲ್ಲಿ ಕಲ್ಲು, ಲೋಟದ ತಳದಲ್ಲಿ ಕಲೆ, ಗಂಡನ ಶರ್ಟಿನ ಕಾಲರಿನಲ್ಲಿ ಸುಕ್ಕು, ಇಷ್ಟೇ ಅದಕ್ಕೆ ಸಿಗುತ್ತಿದ್ದ ಆಹಾರ. ಅದಕ್ಕಾಗಿ ಅವರೇನೂ ಕೊರಗಲಿಲ್ಲ. ತಂಗಿಯ ಮಗಳು ರಂಜನಿ ತುಮಕೂರಿನಿಂದ ಓದಲು ಬಂದು ಅವರ ಮನೆಯಲ್ಲೇ ಉಳಿದ ಮೇಲೆ ದಿನಗಳು ಇನ್ನಷ್ಟು ಹಗುರಾಗಿದ್ದವು.

ರಂಜನಿ ಡಿಗ್ರಿ ಕಾಲೇಜಿನಲ್ಲಿ ಮೀಡಿಯಾ ಓದುತ್ತಿದ್ದಳು. ಡಿಸೆಂಬರಿನಲ್ಲಿ ಅವಳ ತಂಡಕ್ಕೊಂದು ಕೆಲಸ ಬಂತು: ಫಿಲ್ಮ್ ನುವಾರ್ ಶೈಲಿಯ ಚಿತ್ರವೊಂದರ ಆರಂಭದ ಎರಡು ನಿಮಿಷವನ್ನು ಮಾತ್ರ ತೆಗೆಯಬೇಕು. ನುವಾರ್ ಎಂದರೆ ಫ್ರೆಂಚಿನಲ್ಲಿ ಕಪ್ಪು. ಹಳೆಯ ಕಾಲದ ಕಪ್ಪು-ಬಿಳುಪು ಅಪರಾಧ ಚಿತ್ರಗಳು, ಅರ್ಧ ಕತ್ತಲಲ್ಲಿ ಮುಳುಗಿದ ಮುಖಗಳು, ಗೋಡೆಯ ಮೇಲೆ ಉದ್ದುದ್ದ ನೆರಳು, ಹಿನ್ನೆಲೆಯಲ್ಲಿ ತನ್ನ ಕಥೆ ತಾನೇ ಹೇಳುವ ಒಂದು ದನಿ. ರಂಜನಿ, ಕ್ಯಾಮೆರಾ ಹಿಡಿಯುವ ದೀಪು, ಪತ್ತೇದಾರನಾಗಿ ವಸಂತ್, ಇವರು ಮೂವರೇ ತಂಡ. ಮೊದಲ ಸಲ ದೀಪುವಿನ ಮನೆಯ ಹಾಲ್‌ನಲ್ಲಿ ತೆಗೆದು ತರಗತಿಯಲ್ಲಿ ತೋರಿಸಿದರು. ಮೇಷ್ಟ್ರು ಪೂರ್ತಿ ನೋಡಿ, ಇದು ಅಪರಾಧ ಚಿತ್ರದ ಹಾಗಿಲ್ಲ, ಅಪಾರ್ಟ್‌ಮೆಂಟ್ ಮಾರುವ ಜಾಹೀರಾತಿನ ಹಾಗಿದೆ ಎಂದರಂತೆ. ಇನ್ನೊಮ್ಮೆ ತೆಗೆದು ತನ್ನಿ ಎಂದು ಹತ್ತು ದಿನ ಗಡುವು ಕೊಟ್ಟರಂತೆ.

ಆ ಸಂಜೆ ಪ್ರಭಾ ಹಿತಕಬೇಳೆ ಸಾರಿಗೆಂದು ನೆನೆದ ಅವರೆಕಾಳು ಹಿತುಕುತ್ತಾ ಕೂತಿದ್ದರು. ರಂಜನಿ ಕಾಫಿಯನ್ನೂ ಮುಟ್ಟದೆ ಸೋಫಾದ ಮೂಲೆಯಲ್ಲಿ ಕಾಲು ಮಡಚಿಕೊಂಡಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ ಫೋನನ್ನೇ ಕೈಗಿತ್ತಳು. ಪ್ರಭಾ ಸೆರಗಿಗೆ ಕೈ ಒರೆಸಿಕೊಂಡು ನೋಡಿದರು. ಎರಡನೇ ಸಲ ಫೋನನ್ನು ಓರೆ ಮಾಡಿ ನೋಡಿದರು. ಕಥೆ ಏನೆಂದು ಅವರಿಗೆ ತಿಳಿಯಲಿಲ್ಲ. ತಪ್ಪೆಲ್ಲಿದೆ ಎಂಬುದು ಮಾತ್ರ ತಿಳಿಯಿತು.

"ದೀಪ ಎಲ್ಲಿಟ್ಟಿದ್ರಿ?" ಎಂದರು.

ಕ್ಯಾಮೆರಾದ ಪಕ್ಕದಲ್ಲೇ ದೊಡ್ಡ ಎಲ್‌ಇಡಿ ಇಟ್ಟಿದ್ದೆವು, ಸರಿಯಾಗಿ ಕಾಣಲಿ ಅಂತ, ಎಂದಳು ರಂಜನಿ.

ಪ್ರಭಾ ಎದ್ದು ಹೋಗಿ ಅಡುಗೆಮನೆಯಿಂದ ಒಂದು ಹಳೆಯ ಸ್ಟೀಲ್ ತಟ್ಟೆಯನ್ನೂ ಟಾರ್ಚನ್ನೂ ತಂದರು. ಹಾಲ್‌ನ ಲೈಟು ಆರಿಸಿದರು. ತಟ್ಟೆಯ ಮೇಲೆ ನೇರವಾಗಿ ಟಾರ್ಚು ಬಿಟ್ಟಾಗ ಅದು ಹೊಸದರ ಹಾಗೆ ಬೆಳ್ಳಗೆ ಹೊಳೆಯಿತು. ಆಮೇಲೆ ಟಾರ್ಚನ್ನು ತಟ್ಟೆಯ ಅಂಚಿಗೆ ತಂದು ಅಡ್ಡಲಾಗಿ ಮಲಗಿಸಿದರು. ಹದಿನೈದು ವರ್ಷದ ಉಜ್ಜಾಟದ ಗೀರುಗಳೆಲ್ಲ ಒಮ್ಮೆಲೇ ಎದ್ದು ನಿಂತವು. ತಟ್ಟೆಯ ನಡುವೆ ಇದ್ದ ಸಣ್ಣ ತಗ್ಗೊಂದು ಬಾವಿಯಷ್ಟು ಕಪ್ಪಾಗಿ ಕಂಡಿತು.

"ಎದುರಿಂದ ಬೆಳಕು ಬಿಟ್ರೆ ಎಲ್ಲಾ ಬಚ್ಚಿಟ್ಕೊಳ್ಳುತ್ತೆ ಕಣೇ," ಎಂದರು ಪ್ರಭಾ. "ಅಡ್ಡ ಬಿಡು, ತಾನಾಗೇ ಸಿಕ್ಕಿಬೀಳುತ್ತೆ."

ರಂಜನಿ ಟಾರ್ಚನ್ನು ಕಸಿದುಕೊಂಡು ದೊಡ್ಡಮ್ಮನ ಮುಖಕ್ಕೇ ಪಕ್ಕದಿಂದ ಹಿಡಿದಳು. ಅರ್ಧ ಮುಖ ಮಾಯವಾಯಿತು. ಒಳಗೆ ಬಂದ ಕೃಷ್ಣಸ್ವಾಮಿ ಕರೆಂಟು ಹೋಗಿದೆಯೇ ಎಂದು ಕೇಳಿದರು. ಅಂದು ಊಟ ಒಂದು ಗಂಟೆ ತಡವಾಯಿತು.

ಮನೆಯಲ್ಲಿ ಬಿಳಿ ಗೋಡೆ, ಎಲ್ಲಿ ಹೋದರೂ ಕಿಟಕಿ. ಇಲ್ಲಿ ಶೂಟಿಂಗ್ ಆಗದು ಎಂದು ಪ್ರಭಾ ಅವರಿಗೇ ಅನ್ನಿಸಿತು. ಅವರ ನೆನಪಿಗೆ ಬಂದವನು ದೇವರಾಜ್. ಹಿಂದೆ ಅವರ ವಿಭಾಗದಲ್ಲಿ ಅಪ್ರೆಂಟಿಸ್ ಆಗಿ ಕಲಿತವನು. ನಾಗಸಂದ್ರದ ಬೇಸಾಯಗಾರರ ಮನೆಯವನು. ಈಗ ಪೀಣ್ಯ ಎರಡನೇ ಹಂತದಲ್ಲಿ ನಾಲ್ಕು ಲೇತು ಯಂತ್ರ ಹಾಕಿಕೊಂಡು ಪಂಪಿನ ಬಿಡಿಭಾಗ ಮಾಡಿಕೊಡುತ್ತಾನೆ. ಫೋನ್ ಮಾಡಿದ್ದಕ್ಕೆ, ಭಾನುವಾರ ರಜೆ, ಶೆಡ್ಡು ಖಾಲಿ ಇರುತ್ತೆ, ಬಂದ್ಬಿಡಿ ಮೇಡಂ ಎಂದ. ಶನಿವಾರ ಪ್ರಭಾ ಒಬ್ಬರೇ ಹೋಗಿ ಶೆಡ್ಡನ್ನು ನೋಡಿಕೊಂಡು ಬಂದರು. ಪೂರ್ವದ ಗೋಡೆಯಲ್ಲಿ ಎತ್ತರಕ್ಕೆ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನು. ಬೆಳಿಗ್ಗೆ ಒಂಬತ್ತರಿಂದ ಸುಮಾರು ಮುಕ್ಕಾಲು ಗಂಟೆ ಅದರ ರೆಕ್ಕೆಗಳ ನಡುವಿನಿಂದ ಬಿಸಿಲು ನೇರವಾಗಿ ಒಳಗಿಳಿಯುತ್ತದೆ ಎಂದು ದೇವರಾಜನೇ ಹೇಳಿದ. ಅಷ್ಟು ಸಾಕು ಎಂದರು ಪ್ರಭಾ.

ಭಾನುವಾರ ಎಂಟೂವರೆಗೆಲ್ಲ ಎಲ್ಲರೂ ಸೇರಿದರು. ಹೊರಗೆ ಹೊಳೆಯುವ ಬೆಳಗು. ಒಳಗೆ ಅವರು ಕತ್ತಲೆ ಕಟ್ಟತೊಡಗಿದರು. ಷಟರ್ ಎಳೆದು ಅದರ ಸಂದಿಗೆ ಗೋಣಿಚೀಲ ತುರುಕಿದರು. ಗವಾಕ್ಷಿಗಳಿಗೆ ಪ್ರಭಾ ತಂದಿದ್ದ ಹಳೆಯ ಕಂಬಳಿ ಹೊದಿಸಿದರು. ಫ್ಯಾನಿನ ಸ್ವಿಚ್ ಆರಿಸಿ, ಕೃಷ್ಣಸ್ವಾಮಿಯವರನ್ನು ಸ್ಟೂಲಿನ ಮೇಲೆ ಹತ್ತಿಸಿ, ಕೋಲಿನಿಂದ ರೆಕ್ಕೆಯನ್ನು ನಿಧಾನವಾಗಿ ತಿರುಗಿಸುವ ಕೆಲಸ ಒಪ್ಪಿಸಿದರು. ಬಿಸಿಲಿನ ಕೋಲು ಕಣ್ಣಿಗೆ ಕಾಣಬೇಕಾದರೆ ಹೊಗೆ ಬೇಕು. ಅದಕ್ಕೂ ಪ್ರಭಾ ಸಿದ್ಧರಾಗಿ ಬಂದಿದ್ದರು. ಧೂಪದ ಬಟ್ಟಲಿನಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಉದುರಿಸಿದರು. ಎರಡು ನಿಮಿಷದಲ್ಲಿ ಶೆಡ್ಡಿನ ತುಂಬ ಶುಕ್ರವಾರದ ದೇವರಮನೆಯ ವಾಸನೆ. ಬಿಸಿಲು ಮಾತ್ರ ಸೂರಿನಿಂದ ನೆಲದವರೆಗೆ ತೊಲೆಗಳ ಹಾಗೆ ಇಳಿಬಿದ್ದು, ರೆಕ್ಕೆ ತಿರುಗಿದಂತೆಲ್ಲ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ದೀಪು ಕ್ಯಾಮೆರಾ ಆನ್ ಮಾಡುವುದನ್ನೇ ಮರೆತುಬಿಟ್ಟ.

ಕೆಟ್ಟದ್ದು ಪತ್ತೇದಾರನ ಕೋಟಿನಿಂದ. ಉದ್ದನೆಯ ಕೋಟು ಎಲ್ಲೂ ಸಿಗದೆ ವಸಂತ್ ತನ್ನ ಬೈಕಿನ ರೈನ್‌ಕೋಟನ್ನೇ ತೊಟ್ಟು ಬಂದಿದ್ದ. ಕತ್ತಲಲ್ಲಿ ಅವನು ಗಂಭೀರವಾಗಿ ಎರಡು ಹೆಜ್ಜೆ ಇಟ್ಟ ಕೂಡಲೇ ಬೆನ್ನ ಮೇಲಿನ ಬೆಳಕು ಪ್ರತಿಫಲಿಸುವ ಪಟ್ಟಿ ಝಗ್ ಎಂದಿತು, ರಾತ್ರಿ ರಸ್ತೆ ಗುಡಿಸುವವರ ಅಂಗಿಯ ಹಾಗೆ. ತಿರುಗಿಸಿ ತೊಟ್ಟರೆ ಒಳಗಿನ ನೀಲಿ ಬಟ್ಟೆ. ತೆಗೆದರೆ ಕ್ರಿಕೆಟ್ ಟೀ ಶರ್ಟು. ಇದರ ಮೇಲೆ ಧೂಪಕ್ಕೆ ಅವನಿಗೆ ಸೀನು ಹತ್ತಿಕೊಂಡಿತು. ಹದಿನೈದು ನಿಮಿಷ ಹೀಗೇ ಹೋಯಿತು. ಬಿಸಿಲಿನ ತೊಲೆ ನೆಲದ ಮೇಲೆ ಗೇಣುದ್ದ ಸರಿದಿತ್ತು. ರಂಜನಿಯ ಮುಖ ಅಳುವಿನ ಅಂಚಿಗೆ ಬಂದಿತ್ತು.

ಏನು ಮಾಡುವುದೆಂದು ತೋಚದೆ ಪ್ರಭಾ ಅಲ್ಲೇ ಮೇಜಿನ ಮುಂದೆ ಕೂತರು. ಪಕ್ಕದ ಕ್ರೇಟಿನಲ್ಲಿ ದೇವರಾಜನ ಶೆಡ್ಡಿನಲ್ಲಿ ತಯಾರಾದ ಉಕ್ಕಿನ ಬುಷ್‌ಗಳಿದ್ದವು, ಬೆರಳುದ್ದದ ಹೊಳೆಯುವ ಕೊಳವೆಗಳು. ಒಂದನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದರು. ಕೈ ತಾನಾಗಿ ತಿರುಗಿತು. ಹೆಬ್ಬೆರಳು ಅದನ್ನು ಉರುಳಿಸಿತು, ತೋರುಬೆರಳು ತಡೆಯಿತು, ಒಂದು ಸುತ್ತು ಮುಗಿಯಿತು. ಬಲಕ್ಕಿಟ್ಟರು. ಇನ್ನೊಂದು. ಬಲಕ್ಕೆ. ಮತ್ತೊಂದರಲ್ಲಿ ಬೆರಳು ನಿಂತಿತು, ಕಣ್ಣು ಕಿರಿದಾಯಿತು. ಎಡಕ್ಕಿಟ್ಟರು. ಒಂಬತ್ತು ವರ್ಷದ ಬಿಡುವು ಆ ಬೆರಳುಗಳಿಗೆ ಗೊತ್ತೇ ಇರಲಿಲ್ಲ. ಹೀಗೆ ಹತ್ತು ಹನ್ನೆರಡು ನೋಡಿದ ಮೇಲೆ ತಲೆಯೆತ್ತಿದರೆ ದೀಪು ಮಂಡಿಯೂರಿ ಕ್ಯಾಮೆರಾವನ್ನು ಅವರ ಕೈಗೆ ಹತ್ತಿರ ಹಿಡಿದಿದ್ದ. ರಂಜನಿ ಅವನ ಹಿಂದೆಯೇ ನಿಂತಿದ್ದಳು.

"ನನ್ನನ್ಯಾಕೆ ತೆಗೀತಿದೀಯಪ್ಪಾ?"

"ದೊಡ್ಡಮ್ಮ, ನಿಲ್ಲಿಸ್ಬೇಡಿ," ಎಂದಳು ರಂಜನಿ ಮೆಲ್ಲಗೆ. "ನಮ್ಮ ಚಿತ್ರದ ಇನ್ಸ್‌ಪೆಕ್ಟರು ನೀವೇ."

ಮುಖ ತೋರಿಸುವುದಾದರೆ ಬೇಡ ಎಂದರು ಪ್ರಭಾ. ಕೈ, ನೆರಳು, ಕನ್ನಡಕದ ಅಂಚು, ಇಷ್ಟೇ ಎಂದು ಒಪ್ಪಂದವಾಯಿತು. ಬಿಸಿಲು ಸರಿದು ಹೋಗುವುದರೊಳಗೆ ಬೇಕಾದಷ್ಟು ತೆಗೆದುಕೊಂಡರು. ಸ್ಟೂಲಿನಿಂದ ಇಳಿದ ಕೃಷ್ಣಸ್ವಾಮಿ ಭುಜ ಹಿಡಿದುಕೊಂಡು, ಇಷ್ಟು ಓವರ್‌ಟೈಮ್ ಕಾರ್ಖಾನೆಯಲ್ಲೂ ಮಾಡಿರಲಿಲ್ಲ ಎಂದರು. ಕಂಬಳಿ ಬಿಚ್ಚುತ್ತಿದ್ದ ದೇವರಾಜ್, ಪ್ರಭಾ ಎಡಕ್ಕಿಟ್ಟ ಮೂರು ಬುಷ್‌ಗಳನ್ನು ಎತ್ತಿ ನೋಡಿದ.

"ಇವು ಪಾಸಾಗಿ ಪ್ಯಾಕಿಂಗಿಗೆ ಓಗೋದ್ರಲ್ಲಿದ್ವು ಮೇಡಂ," ಎಂದ. "ಚೆಕಿಂಗ್ ಮಾಡೋ ನಮ್ ಉಡ್ಗೀರ್ಗೆ ಇಂಗೆ ನೋಡೋಕೆ ಬರಾಕಿಲ್ಲ."

ಇನ್ನು ಹಿನ್ನೆಲೆಯ ದನಿಗೆ ಮಾತು ಬೇಕಿತ್ತು. ಮಧ್ಯಾಹ್ನ ಊಟದ ನಂತರ ರಂಜನಿ ಪುಸ್ತಕ ಹಿಡಿದು ಬಂದು ಕೇಳಿದಳು: ಕಾರ್ಖಾನೆಯಲ್ಲಿ ನಿಮಗೆ ನಿಜವಾಗಿ ಭಯ ಆದದ್ದು ಯಾವತ್ತು?

ಪ್ರಭಾ ಹೇಳಿದರು. ಒಂದು ಮಾರ್ಚ್ ಮೂವತ್ತೊಂದು. ವರ್ಷದ ಗುರಿ ಮುಟ್ಟಲು ನಾನೂರು ಉಂಗುರ ಅಂದೇ ಹೊರಡಬೇಕಿತ್ತು. ಎಲ್ಲದರಲ್ಲೂ ಕೂದಲೆಳೆಯಂಥ ಒಂದೇ ಗೀರು, ಒಂದೇ ಜಾಗದಲ್ಲಿ. ಫೋರ್‌ಮನ್ ಕರಿಬಸಪ್ಪ ಕಾಗದ ಮುಂದಿಟ್ಟು, ಇದು ಯಾರ ಕಣ್ಣಿಗೂ ಕಾಣೋದಿಲ್ಲ, ಸಹಿ ಹಾಕಮ್ಮ ಎಂದರು. ಸುತ್ತ ಹತ್ತು ಜನ ಗಂಡಸರು. ಪ್ರಭಾ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಮಾರನೆಯ ವಾರ ಅವರನ್ನು ಸ್ಟೋರ್ಸಿಗೆ ಹಾಕಿದರು. ಐದು ತಿಂಗಳು ನಟ್ಟು ಬೋಲ್ಟಿನ ಡಬ್ಬಿಗಳಿಗೆ ಚೀಟಿ ಅಂಟಿಸಿದರು. ಆಮೇಲೆ ಬೇರೊಬ್ಬರ ಸಹಿಯಲ್ಲಿ ಹೋಗಿದ್ದ ಮಾಲು ಹಾಗೇ ವಾಪಸು ಬಂತು. ಸಾಣೆಯಂತ್ರದ ಕಲ್ಲೇ ಒಡೆದಿತ್ತೆಂದು ಪತ್ತೆಯಾಯಿತು. ಪ್ರಭಾ ಅವರನ್ನು ಹಳೆಯ ಮೇಜಿಗೆ ಕರೆಸಿಕೊಂಡರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಕರಿಬಸಪ್ಪ ಮಾತ್ರ ಬಂದು ಅವರ ಮೇಜಿನ ದೀಪಕ್ಕೆ ಹೊಸದೊಂದು ಬಲ್ಬು ಹಾಕಿ ಹೋದರು.

ಕೃಷ್ಣಸ್ವಾಮಿ ಪೇಪರನ್ನು ತೊಡೆಯ ಮೇಲೆ ಇಳಿಸಿದ್ದರು. "ಸ್ಟೋರ್ಸಿಗೆ ಹಾಕಿದ್ದು ರೊಟೇಷನ್ ಅಂದಿದ್ದೆಯಲ್ಲ ಪ್ರಭಾ?"

"ನಿಮಗಾಗ ಬಿಪಿ ಶುರುವಾಗಿತ್ತು ಕಣ್ರೀ. ಅದಕ್ಕೇ ಹಾಗಂದೆ."

ಕೃಷ್ಣಸ್ವಾಮಿ ಪೇಪರು ಮಡಚಿಟ್ಟರು. ಎದ್ದು ಹೋಗಿ ಮೂವರಿಗೂ ಕಾಫಿ ಮಾಡಿ ತಂದರು. ಸಕ್ಕರೆ ಹೆಂಡತಿಗೆ ಬೇಕಾದಷ್ಟೇ ಇತ್ತು.

ದನಿಯನ್ನು ಆ ಸಂಜೆಯೇ ಮುದ್ರಿಸಿಕೊಂಡರು. ಬೀದಿಯ ಸದ್ದು ಕೇಳದಿರಲೆಂದು ಪ್ರಭಾ ಮತ್ತು ರಂಜನಿ ಮಂಚದ ಮೇಲೆ ಒಂದೇ ರಜಾಯಿಯೊಳಗೆ ತಲೆ ತೂರಿಸಿಕೊಂಡು ಕೂತರು. ತರಕಾರಿ ಗಾಡಿಯವನ ಮೈಕು ಎರಡು ಸಲ ಅಡ್ಡ ಬಂತು, ಮೂರನೇ ಸಲ ಇಬ್ಬರಿಗೂ ನಗು ಬಂತು. ಆರನೆಯದು ಸರಿಹೋಯಿತು.

ಕಾಲೇಜಿನಲ್ಲಿ ತೋರಿಸುವ ದಿನ ಗಂಡ ಹೆಂಡತಿ ಇಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಪರದೆ ಕಪ್ಪಾಯಿತು. ಬೆಳಕಿನ ತೊಲೆಗಳು ಇಳಿದವು, ತುಂಡಾದವು. ಗೋಡೆಯ ಮೇಲೆ ಒಬ್ಬ ಹೆಂಗಸಿನ ದೊಡ್ಡ ನೆರಳು. ಎರಡು ಕೈಗಳು ಉಕ್ಕಿನ ತುಂಡೊಂದನ್ನು ಉರುಳಿಸುತ್ತಿವೆ. ಪ್ರಭಾ ಅವರ ದನಿ, ಸ್ವಲ್ಪವೂ ಏರಿಳಿಯದೆ, "ನಾನೂರು ಪೀಸು ಇತ್ತು. ಒಂದೇ ಗೀರು. ಆವತ್ತು ನಾನು ಸಹಿ ಹಾಕ್ಲಿಲ್ಲ," ಎಂದಿತು. ಪರದೆಯ ಮೇಲಿನ ಕೈ ನಿಂತಿತು, ತುಂಡನ್ನು ಎಡಕ್ಕಿಟ್ಟಿತು. ಹೆಸರುಗಳು ಬಂದವು. ಬೆಳಕು: ಪ್ರಭಾ ಕೃಷ್ಣಸ್ವಾಮಿ.

ಮೇಷ್ಟ್ರು ಇನ್ನೊಮ್ಮೆ ಹಾಕಿಸಿ ನೋಡಿದರು. ನಿಗದಿಗಿಂತ ಹನ್ನೆರಡು ಸೆಕೆಂಡು ಉದ್ದವಾಗಿದೆ ಎಂದು ಇಪ್ಪತ್ತರಲ್ಲಿ ಎರಡು ಅಂಕ ಕಳೆದು ಹದಿನೆಂಟು ಕೊಟ್ಟರು. ಆಮೇಲೆ ಹಿಂದಿನ ಸಾಲಿಗೆ ಬಂದು, ಮುಂದಿನ ತಿಂಗಳು ಒಂದು ದಿನ ಉಳಿದ ವಿದ್ಯಾರ್ಥಿಗಳಿಗೂ ಇದನ್ನು ಹೇಳಿಕೊಡಬಹುದೇ ಮೇಡಂ ಎಂದು ಕೇಳಿದರು. ಪಾಠ ಮಾಡಿ ಅಭ್ಯಾಸವಿಲ್ಲ, ತೋರಿಸುವುದಾದರೆ ತೋರಿಸುತ್ತೇನೆ ಎಂದರು ಪ್ರಭಾ. ಮೆಟ್ರೋದಲ್ಲಿ ವಾಪಸು ಬರುವಾಗ ಕೃಷ್ಣಸ್ವಾಮಿ ರಂಜನಿಯ ಫೋನಿನಲ್ಲಿ ಆ ಎರಡು ನಿಮಿಷವನ್ನು ನಾಗಸಂದ್ರ ಬರುವತನಕ ನೋಡುತ್ತಲೇ ಇದ್ದರು. ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೂ ತೋರಿಸಿ, ಫ್ಯಾನು ತಿರುಗಿಸಿದ್ದು ನಾನೇ ಎಂದರು.

ಸಂಕ್ರಾಂತಿಯ ಎಳ್ಳು ಬೀರುವ ನೆಪದಲ್ಲಿ ದೇವರಾಜ್ ಹೆಂಡತಿಯೊಂದಿಗೆ ಮನೆಗೆ ಬಂದ. ಕಬ್ಬಿನ ಜಲ್ಲೆಯನ್ನು ಬಾಗಿಲಿಗೆ ಒರಗಿಸಿ, ವಾರಕ್ಕೆರಡು ದಿನ ಶೆಡ್ಡಿಗೆ ಬಂದು ಹುಡುಗಿಯರಿಗೆ ನೋಡುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡ. ಪ್ರಭಾ ಗಂಡನ ಮುಖ ನೋಡಿದರು. ಅವರು, ಮಂಗಳವಾರ ಶುಕ್ರವಾರ ಅಡುಗೆ ನನ್ನದು ಎಂದುಬಿಟ್ಟರು.

ಈಗ ಆ ಎರಡು ದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರಭಾ ಕಾಟನ್ ಸೀರೆ ಉಟ್ಟು, ಡಬ್ಬಿ ಹಿಡಿದು, ಪೀಣ್ಯದ ಬಸ್ಸು ಹತ್ತುತ್ತಾರೆ. ನಾಲ್ವರು ಹುಡುಗಿಯರು ಮೇಜಿನ ಸುತ್ತ ಕೂತಿರುತ್ತಾರೆ. ಮೊದಲ ವಾರ ಅವರಿಗೆ ಏನೂ ಕಾಣುತ್ತಿರಲಿಲ್ಲ. ಕಳೆದ ಶುಕ್ರವಾರ ಅವರಲ್ಲೊಬ್ಬಳು, ದಿವ್ಯಾ ಎಂಬವಳು, ಪ್ರಭಾ ಬಲಕ್ಕಿಟ್ಟ ಒಂದು ಬುಷ್ ಎತ್ತಿ ಬೆಳಕಿಗೆ ಹಿಡಿದು, ಇಲ್ಲೊಂದು ಗೀರಿದೆಯಲ್ಲ ಮೇಡಂ ಎಂದಳು. ಪ್ರಭಾ ಕನ್ನಡಕ ಒರೆಸಿಕೊಂಡು ನೋಡಿದರು. ಇತ್ತು. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದ ಮೆಂತ್ಯದ ಸೊಪ್ಪಿನ ಪಲ್ಯವನ್ನು ಅವರು ಆ ಹುಡುಗಿಯ ತಟ್ಟೆಗೇ ಎರಡು ಸಲ ಬಡಿಸಿದರು.