ಜೀರುಂಡೆಯ ಹಿಂದೆ ದೀಡನಮಸ್ಕಾರ

ಒಣ ಮರಳಲ್ಲಿ ಓಡಾಡುವ ಕಪ್ಪು ಜೀರುಂಡೆಯ ಫೋಟೊ ಚೆನ್ನಾಗಿ ಬರಬೇಕಾದರೆ ನಾವೂ ಅದರ ಮಟ್ಟಕ್ಕೆ ಇಳಿಯಬೇಕು. ಅದಕ್ಕೇ ಒಂದು ಭಾನುವಾರ ಪುಣೆಯಿಂದ ಜೇಜುರಿಗೆ ಹೋಗಿ, ಗುಡ್ಡದ ಕಾಲುದಾರಿಯಲ್ಲಿ ಕ್ಯಾಮೆರಾ ಮುಂದೆ ಚಾಚಿ ಬೋರಲು ಮಲಗಿದ್ದೆ. ಫೋಕಸ್ ಆಗುವಷ್ಟರಲ್ಲಿ ಆ ದರಿದ್ರ ಹುಳ ಮಾರುದೂರ ಹೋಗಿರುತ್ತಿತ್ತು. ನಾನು ಎದ್ದು ಮುಂದೆ ಹೋಗಿ ಮತ್ತೆ ಮಲಗುತ್ತಿದ್ದೆ.

ಇದ್ದಕ್ಕಿದ್ದಂತೆ ಬೆನ್ನ ಮೇಲೆ ತಣ್ಣೀರು ಬಿತ್ತು. ಅಲ್ಲಿನ ಖಂಡೋಬನ ಗುಡಿಗೆ ವಿಜಯಪುರದ ಕಡೆಯಿಂದ ಬಂದ ಅಜ್ಜಿಯೊಬ್ಬಳು ತಂಬಿಗೆ ಹಿಡಿದು ನಿಂತಿದ್ದಳು. ನಾನು ಹರಕೆ ಹೊತ್ತು, ಬಿದ್ದೆದ್ದು ದೀಡನಮಸ್ಕಾರ ಹಾಕುತ್ತಿದ್ದೇನೆ ಎಂದುಕೊಂಡು, ಪದ್ಧತಿಯಂತೆ ಮೈಮೇಲೆ ನೀರು ಹೊಯ್ದಿದ್ದಳು.

ಸಿಟ್ಟು ನುಂಗಿಕೊಂಡು ಹೇಳಿದೆ, "ಹುಳದ ಫೋಟೊ ತಗೀಲಿಕತ್ತೀನ್ರಿ, ಯವ್ವಾ."

"ಎಂಥಾ ಹರಕಿ ಅಂತ ಯಾರ ಮುಂದೂ ಹೇಳಬಾರದಪ್ಪಾ," ಎಂದು ಅವಳು ನನ್ನ ಮೇಲೆ ಒಂದು ಮುಷ್ಟಿ ಭಂಡಾರ, ಅಂದರೆ ದೇವರ ಅರಿಶಿನ, ಎರಚಿದಳು. ನಾನೂ ಹಳದಿಯಾದೆ, ಕ್ಯಾಮೆರಾವೂ ಹಳದಿಯಾಯಿತು. ಹುಳ ಮಾತ್ರ ಕಪ್ಪಗೇ ಪೊದೆ ಸೇರಿತು.

ಸೋತು ಎದ್ದು ನಿಂತೆ. ಅಜ್ಜಿ ನನ್ನ ಭುಜ ಹಿಡಿದು, ಬಂದ ದಾರಿಯ ಕಡೆಗೆ ಮೆಲ್ಲಗೆ ತಿರುಗಿಸಿದಳು.

"ಭಕ್ತಿ ಭಾಳ ಛಲೋ ಅದ, ತಮ್ಮಾ. ಆದ್ರ ಗುಡಿ ಈ ಕಡೆ ಅದ."