ಕಪ್ಪು ಚೌಕಗಳಿಗೆ ಪಾಠ ಹೇಳುವ ಹುಡುಕಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬಂದರೆ ಬಟ್ಟೆ ಒಗೆಯುವ ಯಂತ್ರಗಳ ಕೋಣೆ, ಅದನ್ನು ದಾಟಿದರೆ ಮುರಿದ ಗಾಲಿಕುರ್ಚಿಗಳನ್ನು ಪೇರಿಸಿಟ್ಟ ಓಣಿ, ಓಣಿಯ ಕೊನೆಗೆ ಗ್ರಂಥಾಲಯ. ಗ್ರಂಥಾಲಯ ಎಂದರೆ ಈಗ ಒಂದು ಮೇಜು, ಎರಡು ಕಪಾಟು, ಒಂದು ಕಂಪ್ಯೂಟರ್. ಕೊರಳಿಗೆ ಉಣ್ಣೆಯ ಶಾಲು ಸುತ್ತಿಕೊಂಡ ಹೆಂಗಸೊಬ್ಬರು ಅದರ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ಪರದೆಯ ಕಡೆ ನೋಡಿ ನಗುತ್ತಾರೆ. ಪರದೆಯ ತುಂಬ ಕಪ್ಪು ಚೌಕಗಳು. ಯಾವುದರಲ್ಲೂ ಮುಖವಿಲ್ಲ.

"ಕೇಳಿಸ್ತಾ ಇದೆಯಾ?" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಲ್ಲಿ ಯಾರೋ 'ಹೂಂ' ಎಂದು ಬರೆಯುತ್ತಾರೆ. ಅವರಿಗೆ ಅಷ್ಟೇ ಸಾಕು. ಪಾಠ ಶುರು.

ಜೊತೆಯವರು ಇವರನ್ನು ಕರೆಯುವುದು ಹುಡುಕಮ್ಮ ಎಂದು. ಮೊದಲು ಚೇಷ್ಟೆಗೆ ಇಟ್ಟ ಹೆಸರು; ಈಗ ಅಸಲಿ ಹೆಸರು ಕೇಳಿದರೆ ಕಾವಲಿನವನೂ ತಲೆ ಕೆರೆದುಕೊಳ್ಳುತ್ತಾನೆ. ಕೆಲಸ ಆಸ್ಪತ್ರೆಯ ಗ್ರಂಥಪಾಲಕಿಯದು. ಆದರೆ ಕೆಲಸದ ವೇಳೆ ಆರಂಭವಾಗುವ ಮೊದಲೇ ಬಂದು, ಸಂಶೋಧನಾ ಲೇಖನಗಳನ್ನು ಹುಡುಕುವುದು, ಓದುವುದು, ನಂಬುವುದು, ನಂಬದಿರುವುದು ಹೇಗೆಂದು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಹೇಳಿಕೊಡುತ್ತಾರೆ. ಯಾರು ಬೇಕಾದರೂ ಸೇರಬಹುದು. ರಾತ್ರಿಪಾಳಿ ಮುಗಿಸಿದ ನರ್ಸುಗಳು ಮಲಗುವ ಮುಂಚೆ ಸೇರುತ್ತಾರೆ, ಶಾಲೆಯ ಮೇಷ್ಟ್ರುಗಳು ಸ್ನಾನಕ್ಕೆ ಹೋಗುವ ಮುಂಚೆ. ಒಬ್ಬ ಜೇನು ಸಾಕುವವರಿದ್ದಾರೆ; ಅವರ ಹುಳುಗಳು ಕಾರಣವಿಲ್ಲದೆ ಸಾಯುತ್ತಿವೆ. ಒಳ್ಳೆಯ ದಿನ ನಲವತ್ತು ಚೌಕ ತುಂಬುತ್ತವೆ. ಕೆಟ್ಟ ದಿನ ಮೂರು, ಅದರಲ್ಲೊಬ್ಬರು ಕಂಪ್ಯೂಟರ್ ಆರಿಸುವುದನ್ನೇ ಮರೆತು ಮಲಗಿದವರು.

ಇಂದಿನ ಪಾಠ, ಪ್ರಶ್ನೆಯನ್ನು ಬಿಡಿಸುವುದು. 'ನನ್ನ ಜೇನಿಗೆ ಏನಾಗಿದೆ' ಎಂದು ಕೇಳಿದರೆ ಲೇಖನಗಳ ಯಾವ ಭಂಡಾರವೂ ಬಾಯಿ ಬಿಡುವುದಿಲ್ಲ. ಯಾವ ತಳಿ, ಯಾವ ಕಾಲ, ಯಾವ ಲಕ್ಷಣ ಎಂದು ಬಿಡಿ ಪದಗಳಾಗಿ ಒಡೆಯಬೇಕು. ಲೇಖನ ಸಿಕ್ಕಿ, ಓದಲು ಹಣ ಕಟ್ಟಿ ಎಂದು ಪತ್ರಿಕೆಯವರು ಕೇಳಿದರೆ ಅಲ್ಲಿಗೇ ಕೈಚೆಲ್ಲಬಾರದು. ಬರೆದವರು ತಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಒಂದು ಪ್ರತಿ ಇಟ್ಟಿರಬಹುದು. ಇಲ್ಲವೇ ಅವರಿಗೇ ಎರಡು ಸಾಲು ಬರೆದು ಕೇಳಬಹುದು. "ಎಷ್ಟೋ ಜನ ಖುಷಿಯಿಂದ ಕಳಿಸ್ತಾರೆ. ಅವರು ಬರೆದಿದ್ದನ್ನ ಓದೋಕೆ ಒಬ್ಬರು ಕೇಳಿದ್ರಲ್ಲ, ಪಾಪ" ಎನ್ನುತ್ತಾರೆ ಹುಡುಕಮ್ಮ. ತಮ್ಮ ಮಾತಿಗೆ ತಾವೇ ನಗುತ್ತಾರೆ. ಚೌಕಗಳು ನಕ್ಕವೋ ಇಲ್ಲವೋ ತಿಳಿಯುವುದಿಲ್ಲ.

ಒಂದು ಕಾಲಕ್ಕೆ ಈ ಗ್ರಂಥಾಲಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಕಿಟಕಿಗಳು, ಓದುವ ಮೇಜುಗಳು, ಮೇಜಿಗೆ ತಲೆಯಿಟ್ಟು ನಿದ್ದೆ ಹೋಗುವ ಕಿರಿಯ ವೈದ್ಯರು. ಎಲ್ಲವೂ ಕಂಪ್ಯೂಟರಿನಲ್ಲೇ ಸಿಗತೊಡಗಿದ ಮೇಲೆ ಜನ ಬರುವುದು ನಿಂತಿತು. ಸಭಾಂಗಣದಷ್ಟು ದೊಡ್ಡ ಆ ಕೋಣೆಗೆ ಸ್ಕ್ಯಾನ್ ಯಂತ್ರ ಬಂತು, ಇವರು ಕೆಳಗಿಳಿದರು. ಮೇಲಧಿಕಾರಿಗಳನ್ನು ಇವರು ದೂರುವುದಿಲ್ಲ, ಯಂತ್ರ ಬೇಕಿತ್ತು ಎನ್ನುತ್ತಾರೆ. ಮದುವೆಯಾಗಲಿಲ್ಲ. ತಾಯಿ ಇರುವ ತನಕ ಮನೆಯಲ್ಲಿ ಒಂದು ದನಿಯಿತ್ತು. ಆಮೇಲೆ ಸಂಜೆ ಬಾಗಿಲು ಹಾಕಿಕೊಂಡರೆ ಬೆಳಗಿನವರೆಗೆ ಬಾಯಿಗೆ ಕೆಲಸವಿರಲಿಲ್ಲ. ಬೆಳಗಿನ ತರಗತಿ ಹುಟ್ಟಿದ್ದು ಆ ದಿನಗಳಲ್ಲಿ. ಫೋನಿನಲ್ಲಿ ಅಕ್ಕ ರೇಗುತ್ತಾರೆ: ಮುಖ ತೋರಿಸದವರಿಗೆಲ್ಲ ಪಾಠ ಹೇಳುವ ಇಲ್ಲದ ಉಸಾಬರಿ ನಿನಗ್ಯಾಕೆ?

ಆ ಮಾತು ನಿಜವಿರಬಹುದೆಂದು ಇವರಿಗೆ ಅನ್ನಿಸಿದ್ದು ಒಮ್ಮೆ ಮಾತ್ರ. ಕಳೆದ ವರ್ಷ ತರಗತಿಗೆ ಒಬ್ಬ ಬಸ್ ಚಾಲಕರು ಸೇರಿದರು. ಹೆಂಡತಿಗೆ ನರಗಳು ಸೊರಗುವ ಕಾಯಿಲೆ. ದೂರದೇಶದ ಚಿಕಿತ್ಸಾಲಯವೊಂದು ವಾಸಿ ಮಾಡುತ್ತೇವೆ ಎಂದಿತ್ತು, ಅದಕ್ಕೆ ಆಧಾರವಾಗಿ ಒಂದು ಸಂಶೋಧನಾ ಲೇಖನವನ್ನೂ ತೋರಿಸಿತ್ತು. ಇಲ್ಲಿನ ಔಷಧಿ ನಿಲ್ಲಿಸಿ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ಯುವುದೆಂದು ನಿರ್ಧಾರವಾಗಿತ್ತು. ಹೊರಡುವ ಮುನ್ನ ಆ ಲೇಖನವನ್ನು ಪೂರ್ತಿ ಓದಬೇಕೆಂದು ಅವರ ಆಸೆ. ಹುಡುಕಮ್ಮ ಎಲ್ಲರೆದುರೇ ಹುಡುಕಿ ತೆಗೆದರು. ಪುಟದ ಮೇಲೆ ಅಡ್ಡಡ್ಡಲಾಗಿ ಕೆಂಪಕ್ಷರ: ಈ ಲೇಖನವನ್ನು ಹಿಂಪಡೆಯಲಾಗಿದೆ. ಅಂಕಿಅಂಶಗಳನ್ನು ನಂಬುವಂತಿಲ್ಲವೆಂದು ಪ್ರಕಟಿಸಿದ ಪತ್ರಿಕೆಯೇ ಅದನ್ನು ಕೈಬಿಟ್ಟಿತ್ತು. ಇವರು ಅದನ್ನು ಓದಿ ಹೇಳಿದರು. 'ಅವಳನ್ನು ನೋಡದೆ ಇರುವವರಿಗೆ ಏನು ಗೊತ್ತು' ಎಂದು ಆ ಚೌಕ ಬರೆಯಿತು. ಮರುಕ್ಷಣ ಚೌಕವೇ ಇರಲಿಲ್ಲ.

"ಸುಳ್ಳು ಹೇಳೋಕಾಗಲ್ಲ ನಿಜ. ಆದ್ರೆ ಅಷ್ಟು ಜನರ ಮುಂದೆ ಹೇಳಬಾರದಿತ್ತು. ಒಬ್ಬರನ್ನೇ ಕೂರಿಸ್ಕೊಂಡು ಮೆತ್ತಗೆ ಹೇಳ್ಬೇಕಿತ್ತು" ಎಂದು ಹುಡುಕಮ್ಮ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾರೆ. ಚಾಲಕರ ವಿಳಾಸ ಗೊತ್ತಿರಲಿಲ್ಲ, ದನಿ ಕೂಡ ಕೇಳಿರಲಿಲ್ಲ. ರಸ್ತೆಯಲ್ಲಿ ಬಸ್ಸು ಹಾದಾಗಲೆಲ್ಲ ಚಾಲಕನ ಕಿಟಕಿಯತ್ತ ನೋಡುವುದು ಅಭ್ಯಾಸವಾಯಿತು. ಈ ಊರಿನವರಲ್ಲ ಎಂದು ಅವರೇ ಒಮ್ಮೆ ಬರೆದಿದ್ದರೂ.

ಎಲೆ ಉದುರುವ ಕಾಲ ಕಳೆದು, ಚಳಿಯೂ ಕಳೆದ ಮೇಲೆ ಒಂದು ಬೆಳಗ್ಗೆ ಪಾಠದ ನಡುವೆ ಒಂದು ಚೌಕಕ್ಕೆ ಬೆಳಕು ಬಂತು. ನೀಲಿ ಅಂಗಿಯ, ನರೆತ ಗಡ್ಡದ ಮನುಷ್ಯ. ಅದೇ ಬಸ್ ಚಾಲಕರು; ಹೆಂಡತಿ ತೀರಿಕೊಂಡು ತಿಂಗಳಾಗಿತ್ತು.

"ಅವತ್ತು ನಿಮ್ಮ ಮೇಲೆ ಸಿಟ್ಟು ಬಂತು" ಎಂದರು ಅವರು. "ಆಮೇಲೆ ನಾನೇ ಕೂತು, ನೀವು ಹೇಳ್ಕೊಟ್ಟ ಹಾಗೇ ಹುಡುಕಿದೆ. ಅದೇ ಕೆಂಪಕ್ಷರ. ಹೋಗೋದು ಬಿಟ್ವಿ. ಕೊನೆವರೆಗೂ ಅವಳು ಮನೇಲೇ ಇದ್ಲು."

ಹುಡುಕುವಾಗ ಇನ್ನೊಂದು ಲೇಖನವೂ ಸಿಕ್ಕಿತಂತೆ. ನುಂಗಲು ಕಷ್ಟವಾದವರಿಗೆ ಊಟ ಮಾಡಿಸುವಾಗ ಗದ್ದ ಹೇಗಿರಬೇಕು, ಬೆನ್ನಿಗೆ ಆಸರೆ ಎಲ್ಲಿರಬೇಕು ಎಂಬುದರ ಮೇಲೆ. ಮನೆಗೆ ಬರುವ ನರ್ಸಿಗೆ ತೋರಿಸಿ, ಅವರಿಂದಲೇ ಕಲಿತರಂತೆ. ಅಲ್ಲಿಂದ ಮುಂದೆ ಹೆಂಡತಿಗೆ ಊಟದ ಹೆದರಿಕೆ ಹೋಯಿತು. "ಮಗಳು ಮಾಡಿದ ಗಂಜಿ ರುಚಿಯಾಗಿದೆ ಅಂದ್ಲು. ಅದನ್ನ ನಿಮಗೆ ಹೇಳ್ಬೇಕು ಅನ್ನಿಸ್ತು."

ಹುಡುಕಮ್ಮ ಗುಂಡಿ ಒತ್ತಿ ತಮ್ಮ ಮೈಕ್ ಆರಿಸಿದರು. ಕಣ್ಣೊರೆಸಿಕೊಂಡು ಅವರು ಪಾಠವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದರು. "ಇನ್ನೇನು ಮಾಡ್ಲಿ? ಜೇನಿನವರು ಕಾಯ್ತಾ ಇದ್ರು."

ಈಗಲೂ ಏನು ಸಿಕ್ಕರೂ ಕಲಿಯುವವರಿಗೆ ಹೇಳುವುದು ಒಂದೇ: "ಒಂದು ಲೇಖನ ಅಂದ್ರೆ ಒಬ್ಬ ಸಾಕ್ಷಿ. ತೀರ್ಪಲ್ಲ. ಇನ್ನಿಬ್ಬರನ್ನ ಕರೆದು ಕೇಳಿ." ಕಹಿ ಸುದ್ದಿ ಇರಬಹುದೆಂಬ ಅನುಮಾನ ಬಂದರೆ ಮಾತ್ರ, ತರಗತಿ ಮುಗಿದ ಮೇಲೆ ಒಂದು ನಿಮಿಷ ಉಳಿಯಿರಿ ಎನ್ನುತ್ತಾರೆ.

ಗಂಟೆಯಾಗುತ್ತದೆ. ಚೌಕಗಳು ಒಂದೊಂದಾಗಿ ಖಾಲಿಯಾಗುತ್ತವೆ. ಯಾರೋ 'ಥ್ಯಾಂಕ್ಸ್' ಬರೆದು ಹೋಗುತ್ತಾರೆ, ಹೆಚ್ಚಿನವರು ಹಾಗೆಯೇ ಹೋಗುತ್ತಾರೆ. ಪರದೆಯಲ್ಲಿ ಕೊನೆಗೆ ಉಳಿಯುವುದು ಇವರ ಮುಖವೊಂದೇ. ನಿವೃತ್ತಿಗೆ ಹೆಚ್ಚು ದಿನವಿಲ್ಲ. ಏನಾದರೂ ಆಸೆ ಉಳಿದಿದೆಯೇ ಎಂದರೆ ಕಂಪ್ಯೂಟರ್ ಆರಿಸಿ ಈ ಕಡೆ ತಿರುಗುತ್ತಾರೆ.

"ಇವರನ್ನೆಲ್ಲ ಒಂದ್ಸಲ ಒಂದೇ ರೂಮಲ್ಲಿ ಕೂರಿಸಿ ನೋಡ್ಬೇಕು. ಪಾಠ ಬೇಡ. ಸುಮ್ನೆ ಚಹಾ ಕುಡಿಯೋಣ" ಎನ್ನುತ್ತಾರೆ. "ಕುರ್ಚಿ ಸಾಲದಿದ್ರೆ ನಾನು ನಿಂತ್ಕೋತೀನಿ."