ಉಸಿರು ಬಿಟ್ಟ ಅಳತೆ

ಕುತ್ತಿಗೆಯಲ್ಲಿ ಸರದ ಬದಲು ಹಳದಿ ಟೇಪು, ಬಾಯಿಯ ಎಡ ಮೂಲೆಯಲ್ಲಿ ಕಚ್ಚಿಕೊಂಡ ಎರಡು ಗುಂಡುಸೂಜಿ. ಆರ್.ಟಿ. ನಗರದ ನಮ್ಮ ಅಡ್ಡರಸ್ತೆಯ ಟೈಲರ್ ಆಂಟಿಯನ್ನು ನೆನೆದರೆ ಮೊದಲು ಕಾಣುವುದು ಇಷ್ಟು. ಟೇಪಿನ ಮೊದಲ ನಾಲ್ಕು ಅಂಕಿಗಳು ಉಜ್ಜಿ ಅಳಿಸಿಹೋಗಿದ್ದವು. ಸೂಜಿ ಬಾಯಲ್ಲಿಟ್ಟುಕೊಂಡೇ ಬಂದವರೊಡನೆ ಜಗಳವನ್ನೂ ಆಡುತ್ತಿದ್ದರು, ಒಂದೂ ಕೆಳಗೆ ಬೀಳುತ್ತಿರಲಿಲ್ಲ.

ಜಗಳ ಹೆಚ್ಚಾಗಿ ಒಂದೇ ವಿಷಯಕ್ಕೆ. ಅಳತೆ ಕೊಡುವಾಗ ನಾವು ಹೆಂಗಸರು ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಆಂಟಿ ಟೇಪು ಸುತ್ತಿ ಸುಮ್ಮನೆ ಕಾಯುತ್ತಿದ್ದರು. "ಬಿಡಮ್ಮಾ ಉಸಿರು. ಈ ಬ್ಲೌಸ್ ಹಾಕ್ಕೊಂಡು ನೀನು ಊಟ ಮಾಡಲ್ವಾ? ನಗಲ್ವಾ?" ಎನ್ನುತ್ತಿದ್ದರು. ಮುಖ ಕೆಂಪಾಗಿ ಕೊನೆಗೆ ಎಲ್ಲರೂ ಸೋಲುತ್ತಿದ್ದರು.

ಸೋಲದವಳು ನಾನೊಬ್ಬಳೇ, ಅದೂ ನನ್ನ ಮದುವೆ ಬ್ಲೌಸಿಗೆ. ನಾಲ್ಕು ವರ್ಷ ಪ್ರೀತಿಸಿದ ಯಲಹಂಕದ ಹುಡುಗ ನಿಶ್ಚಿತಾರ್ಥದ ಫೋಟೊ ನೋಡಿ, "ಮದುವೆ ಹೊತ್ತಿಗೆ ಸ್ವಲ್ಪ ಇಳಿಸ್ಕೋ, ನನ್ನ ಫ್ರೆಂಡ್ಸೆಲ್ಲ ಬರ್ತಾರೆ" ಎಂದಿದ್ದ. ಹೆಬ್ಬಾಳದ ಸ್ಕೂಲಿನಲ್ಲಿ ನಲವತ್ತು ಮಕ್ಕಳನ್ನು ಗದರಿಸುವ ನಾನು ಅವನಿಗೆ ತಿರುಗಿ ಒಂದು ಮಾತು ಹೇಳಲಿಲ್ಲ. ಹಟ ಹಿಡಿದು, ಉಸಿರು ಬಿಡದೆಯೇ, ಎದೆಸುತ್ತು ಮೂವತ್ನಾಲ್ಕು ಇಂಚು ಎಂದು ಬರೆಸಿದೆ. ಆಂಟಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೂವತ್ನಾಲ್ಕು ಎಂದೇ ಪುಸ್ತಕದಲ್ಲಿ ಬರೆದುಕೊಂಡರು.

ಮದುವೆಗೆ ಇಪ್ಪತ್ತು ದಿನ ಇರುವಾಗ ಅವನು ಫೋನ್ ಮಾಡಿ "ನನಗೆ ಈ ಮದುವೆ ಬೇಡ" ಎಂದ. ಕಾರಣ ಕೇಳಿದ್ದಕ್ಕೆ ಕಾಲ್ ಕಟ್ ಮಾಡಿದ. ಬ್ಲೌಸು ಹೊಲಿಯಬೇಡಿ ಎಂದು ಹೇಳಲು ಹೋದವಳು ಆಂಟಿಯ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಕ್ಕಿದೆ.

"ಹೊಲಿದಾಯ್ತು ಬೇಟಾ" ಎಂದು ಪೊಟ್ಟಣ ಕೈಗಿಟ್ಟರು. "ನಾಡಿದ್ದು ಕೂನೂರಿಗೆ ಹೋಗ್ತಿದ್ದೀನಿ, ನಮ್ಮಕ್ಕನ ಮನೆಗೆ. ನೀನೂ ಬಾ. ಅಮ್ಮನ ಹತ್ರ ನಾನು ಮಾತಾಡ್ತೀನಿ."

ಬೆಟ್ಟದ ಊರಿಗೆ ಹೋದರೆ ಮನಸ್ಸು ಹಗುರಾಗುತ್ತದೆ ಎನ್ನುವವರು ಅಲ್ಲಿಗೆ ಫೋನ್ ಒಯ್ಯದವರೇ ಇರಬೇಕು. ನೀಲಗಿರಿಯ ಮಂಜು, ಚಹಾ ತೋಟ, ಅವರ ಅಕ್ಕ ತಟ್ಟೆಗೆ ಹಾಕುತ್ತಿದ್ದ ಬಿಸಿ ಪರೋಟ, ಯಾವುದೂ ನನಗೆ ಬೇಕಿರಲಿಲ್ಲ. ನಡೆಯುವಾಗಲೂ ಕಣ್ಣು ಸಿಗ್ನಲ್ ಕಡ್ಡಿಗಳ ಮೇಲೆ. ಆಂಟಿ ಬುದ್ಧಿ ಹೇಳಲಿಲ್ಲ. ಅಲ್ಲಿಯೂ ಕೊರಳಿಗೆ ಟೇಪು ಹಾಕಿಕೊಂಡು ಅಕ್ಕನ ಮೊಮ್ಮಗಳಿಗೆ ಫ್ರಾಕು ಕತ್ತರಿಸುತ್ತಿದ್ದರು.

ನಾಲ್ಕನೇ ದಿನ ಬೆಳಿಗ್ಗೆ ಅವನ ಮೆಸೇಜು ಬಂತು. "ಮನೇಲಿ ಒಪ್ಸಿದೀನಿ. ಇವತ್ತೇ ಹೊರಟು ಬಾ. ನಾಳೆ ಒಳಗೆ ಬರ್ಲಿಲ್ಲ ಅಂದ್ರೆ ನನ್ನ ಮರ್ತುಬಿಡು." ಹತ್ತೇ ನಿಮಿಷದಲ್ಲಿ ಬ್ಯಾಗು ತುಂಬಿದೆ. ಆಂಟಿ ತಡೆಯುತ್ತಾರೆಂದು ಜಗಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಶಾಲು ಹೊದ್ದುಕೊಂಡು, "ನಡಿ, ಬಸ್‌ಸ್ಟ್ಯಾಂಡ್ ತನಕ ಬರ್ತೀನಿ" ಎಂದರು. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಊಟಿಗೆ ಹೋಗಿ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಊಟಿ ಬಸ್ಸು ಹೊರಡಲು ನಿಂತಿತ್ತು, ಕಂಡಕ್ಟರ್ ಬೇಗ ಹತ್ತಿ ಎಂದು ಕೂಗುತ್ತಿದ್ದ. ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗ ಅವನ ಫೋನ್ ಬಂತು.

"ಬಸ್ ಹತ್ತಿದ್ಯಾ? ಬಂದ ತಕ್ಷಣ ನಮ್ಮಮ್ಮಂಗೆ ಸಾರಿ ಕೇಳ್ಬೇಕು. ಮದುವೆ ಆದ್ಮೇಲೆ ಆ ಸ್ಕೂಲ್ ಕೆಲ್ಸಾನೂ ಬಿಡ್ಬೇಕು."

ಯಾವುದಕ್ಕೆ ಸಾರಿ ಎಂದು ನಾನು ಕೇಳಲಿಲ್ಲ, ಹೂಂಗುಟ್ಟಿದೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಏನೋ ಸುತ್ತಿಕೊಂಡಿತು. ಆಂಟಿ ನನ್ನ ಸ್ವೆಟರಿನ ಮೇಲೆ ಎದೆಸುತ್ತ ಟೇಪು ಹಾಕಿ ಹಿಡಿದಿದ್ದರು. ಬಸ್ಸಿನಲ್ಲಿದ್ದವರೆಲ್ಲ ಇಣುಕಿ ನೋಡಿದರು.

"ನೀನು ಮಾತಾಡು. ನಾನು ಅಳತೆ ತಗೋತೀನಿ."

ಅವನು ಹೇಳುತ್ತಲೇ ಇದ್ದ. ಡ್ರೈವರ್ ಹಾರ್ನ್ ಹೊಡೆದ. ನಾನು ಕೆಳಗೆ ನೋಡಿದೆ. ಆಂಟಿಯ ಬೆರಳುಗಳ ನಡುವೆ ಟೇಪು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.

"ಒಂದೇ ಗೆರೆ ಮೇಲೆ ನಿಂತಿದೆ ನೋಡು" ಎಂದರು ಮೆಲ್ಲಗೆ. "ಅವನು ಮಾತು ಶುರು ಮಾಡಿದಾಗಿಂದ ನೀನು ಉಸಿರೇ ಬಿಟ್ಟಿಲ್ಲ. ಎಷ್ಟು ವರ್ಷ ಹಿಡ್ಕೋತೀಯಾ ಬೇಟಾ?"

ಫೋನಿನಲ್ಲಿ ಅವನು "ಏಯ್, ಕೇಳಿಸ್ತಿದ್ಯಾ?" ಎಂದು ಗದರಿದ.

"ಕೇಳಿಸ್ತು. ನಾನು ಬರಲ್ಲ" ಎಂದೆ.

ಫೋನ್ ಇಟ್ಟಮೇಲೆ ಅಳು ಬಂತು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಷ್ಟು ಜೋರಾಗಿ. ಬಸ್ಸು ಹೊರಟುಹೋಯಿತು. ಆಂಟಿ ಮಾತ್ರ ಟೇಪು ಬಿಟ್ಟಿರಲಿಲ್ಲ. ನಾನು ಬಿಕ್ಕಿದಂತೆಲ್ಲ ಅದು ಅವರ ಬೆರಳ ಸಂದಿಯಲ್ಲಿ ಹಿಂದೆ ಮುಂದೆ ಜಾರುತ್ತಿತ್ತು. "ಹಾಂ, ಈಗ ಸರಿ" ಎಂದು ಅದನ್ನು ತೆಗೆದು ಕುತ್ತಿಗೆಗೆ ಹಾಕಿಕೊಂಡರು. ಮನೆಗೆ ಹೋಗಿ ಐದು ಪರೋಟ ತಿಂದೆ.

ಕಳೆದ ವರ್ಷ ಆಂಟಿ ತೀರಿಕೊಂಡರು. ಮೂರೇ ದಿನದ ಕಾಯಿಲೆ. ಅಂಗಡಿಯ ಶಟರ್ ಇಳಿದಿದ್ದನ್ನು ನೋಡಿ ಬಂದ ದಿನ, ಐದು ವರ್ಷ ಬಿಚ್ಚದೆ ಬೀರುವಿನ ತಳದಲ್ಲಿಟ್ಟಿದ್ದ ಪೊಟ್ಟಣ ತೆಗೆದೆ. ನಾನೇನೂ ತೂಕ ಇಳಿಸಿರಲಿಲ್ಲ. ಅವರ ಕೈಯ ಹೊಲಿಗೆಯನ್ನು ಒಮ್ಮೆ ಮೈಮೇಲೆ ಹಾಕಿಕೊಳ್ಳಬೇಕೆನ್ನಿಸಿತು, ಅಷ್ಟೆ. ಮೂವತ್ನಾಲ್ಕು ಹಿಡಿಸುವುದಿಲ್ಲವೆಂದು ಗೊತ್ತಿದ್ದರಿಂದ ಉಸಿರು ಬಿಗಿಹಿಡಿದು ಕೊಕ್ಕೆ ಹಾಕಿಕೊಂಡೆ. ಬ್ಲೌಸು ಸಡಿಲವಾಯಿತು. ಉಸಿರು ಬಿಟ್ಟೆ. ಮೈಗೆ ಸರಿಯಾಗಿ ಕೂತಿತು.

ಮನೆಯಲ್ಲಿದ್ದ ಟೇಪು ಹಿಡಿದು ನೋಡಿದೆ. ಮೂವತ್ತಾರು. ಅವನು ಬೇಡವೆನ್ನುವ ಮೊದಲೇ, ನಾನು ಬರೆಸಿದ್ದನ್ನು ಪುಸ್ತಕದಲ್ಲೇ ಬಿಟ್ಟು, ನನ್ನ ಮೈ ನೋಡಿ ಕತ್ತರಿಸಿದ್ದರು.

ಮೊನ್ನೆ ತಂಗಿಯ ಮದುವೆಗೆ ಅದನ್ನೇ ಹಾಕಿಕೊಂಡು ಹೋದೆ. ಹೊಟ್ಟೆ ತುಂಬ ಊಟ ಮಾಡಿದೆ, ನಕ್ಕೆ. ಒಂದು ಕೊಕ್ಕೆಯೂ ಎಳೆಯಲಿಲ್ಲ.